ನಮ್ಮ ಗುಂಡನಿಗೆ ಯಾವ ಊಟ? ಮೂರನ್ನೂ ಹಾಕಿ ನೋಡಿದೆ

ನಮ್ಮ ಲ್ಯಾಬ್ರಡಾರ್‌ಗೆ ಗುಂಡ ಅಂತ ಹೆಸರಿಟ್ಟಿದ್ದು ಸುಮ್ನೆ ಮುದ್ದಿಗೆ. ಐದು ವರ್ಷ ತುಂಬುವ ಹೊತ್ತಿಗೆ ಹೆಸರಿಗೆ ತಕ್ಕ ಹಾಗೇ ಆಗಿಬಿಟ್ಟ. ತೂಕ 41 ಕೆಜಿ. ಗಂಡು ಲ್ಯಾಬ್ ಸಾಧಾರಣವಾಗಿ 29ರಿಂದ 36 ಕೆಜಿ ಇರಬೇಕು. ಇವನ ಪಕ್ಕೆಲುಬು ಕೈಗೇ ಸಿಗುತ್ತಿರಲಿಲ್ಲ. ಮೇಲಿಂದ ನೋಡಿದರೆ ಸೊಂಟ ಅನ್ನೋದೇ ಇಲ್ಲ.

ಡಾಕ್ಟರ್ ಮೊದಲು ಥೈರಾಯ್ಡ್ ಟೆಸ್ಟ್ ಮಾಡಿಸಿದರು. ಅದು ಸರಿಯಾಗಿತ್ತು. ಆಮೇಲೆ ಚೀಟಿಯಲ್ಲಿ ಬರೆದರು: ಗುರಿ 32 ಕೆಜಿ, ದಿನಕ್ಕೆ ಸುಮಾರು 940 ಕ್ಯಾಲೊರಿ, ತಿಂಡಿ ಬಿಸ್ಕತ್ತು ಎಲ್ಲಾ ಅದರಲ್ಲೇ. ಯಾವ ಊಟ ಹಾಕಬೇಕು ಅನ್ನೋದನ್ನು ನಮಗೇ ಬಿಟ್ಟರು. ಹಾಗಾಗಿ ಒಂದೊಂದಾಗಿ ಹಾಕಿ ನೋಡಿದೆ.

ಮೊದಲು, ಇದ್ದ ಡ್ರೈ ಫುಡ್ಡನ್ನೇ ಕಡಿಮೆ ಮಾಡಿದೆ. ಪ್ಯಾಕೆಟ್ ಹಿಂದೆ 100 ಗ್ರಾಂಗೆ 370 ಕ್ಯಾಲೊರಿ ಅಂತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 230 ಗ್ರಾಂ, ಮೇಲೆ ಚೂರು ತಿಂಡಿಗೆ ಜಾಗ. ಎರಡು ಹೊತ್ತಿಗೆ ಹಂಚಿದರೆ ಬಟ್ಟಲಿನ ತಳವೇ ಮುಚ್ಚಲ್ಲ. ಗುಂಡ ಒಂದು ನಿಮಿಷದಲ್ಲಿ ಮುಗಿಸಿ, ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳಿಕೊಂಡು ಹಾಲ್‌ವರೆಗೆ ಬರುತ್ತಿದ್ದ. ಟೈಲ್ಸ್ ಮೇಲೆ ಸ್ಟೀಲ್ ಬಟ್ಟಲಿನ ಆ ಕರಕರ ಸದ್ದು ಕೇಳಿ ನಮ್ಮತ್ತೆಗೆ ಊಟ ಇಳಿಯುತ್ತಿರಲಿಲ್ಲ. ಆರು ವಾರಕ್ಕೆ ಇಳಿದದ್ದು ಅರ್ಧ ಕೆಜಿ.

ಯಾಕೆ ಅಂತ ಹುಡುಕಿದಾಗ ಅಳತೆ ಲೋಟ ಸಿಕ್ಕಿಬಿತ್ತು. ಒಂದೇ ಪ್ಲಾಸ್ಟಿಕ್ ಲೋಟದಲ್ಲಿ ನಾನು, ನನ್ನ ಹೆಂಡತಿ, ಮಗ ಮೂವರೂ "ಒಂದು ಲೋಟ" ತುಂಬಿ ಅಡುಗೆಮನೆ ತಕ್ಕಡಿಗೆ ಹಾಕಿದೆವು. 92, 104, 127 ಗ್ರಾಂ! ಮಗ ಗೋಪುರ ಕಟ್ಟುತ್ತಿದ್ದ. ಅವತ್ತಿಂದ ಲೋಟ ಮೂಲೆ ಸೇರಿತು. ಇನ್ನೊಂದು ವಿಷಯ ಡಾಕ್ಟರ್ ಹೇಳಿದರು: ಮಾಮೂಲಿ ಫುಡ್ಡನ್ನು ತುಂಬಾ ಕಡಿಮೆ ಮಾಡಿದರೆ ಕ್ಯಾಲೊರಿ ಜೊತೆ ಪ್ರೋಟೀನು, ವಿಟಮಿನ್ನೂ ಕಡಿಮೆಯಾಗುತ್ತೆ.

ಎರಡನೆಯದು ಮನೆ ಊಟ. ಕೋಳಿ, ಸೋರೆಕಾಯಿ, ಅನ್ನ, ಮೇಲೆ ಸ್ವಲ್ಪ ಮೊಸರು. ಈರುಳ್ಳಿ, ಬೆಳ್ಳುಳ್ಳಿ ಹಾಕಲ್ಲ, ಅವು ನಾಯಿಗೆ ವಿಷ. ಗುಂಡ ಕುಕ್ಕರ್ ಸೀಟಿ ಎಣಿಸುವುದನ್ನು ಕಲಿತ. ಅಷ್ಟು ಖುಷಿ ಅವನಿಗೆ ಯಾವತ್ತೂ ಆಗಿರಲಿಲ್ಲ. ತೂಕ ಮಾತ್ರ ಅರ್ಧ ಕೆಜಿ ವಾಪಸ್ ಬಂತು. ಒಂದು ಸೌಟು ಹೆಚ್ಚೋ ಕಡಿಮೆಯೋ ಪಾತ್ರೆಯಲ್ಲಿ ಗೊತ್ತಾಗಲ್ಲ, ಅಲ್ವಾ? "ರಾಗಿ ಹಾಕಿ ಸಾರ್, ತೆಳ್ಳಗಾಗ್ತಾನೆ" ಅಂದರು ಪಕ್ಕದ ಮನೆಯವರು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 320ರ ಹತ್ತಿರ ಕ್ಯಾಲೊರಿ ಇದೆ, ಅಕ್ಕಿಯಲ್ಲಿ 350ರ ಆಸುಪಾಸು. ಮುದ್ದೆ ನುಂಗಿದ ನಾಯಿ ಅದರಿಂದಲೇ ತೆಳ್ಳಗಾಗಲ್ಲ. ಇನ್ನು ಮನೆ ಊಟವನ್ನೇ ವರ್ಷಾನುಗಟ್ಟಲೆ ಹಾಕಬೇಕಾದರೆ ಖನಿಜಾಂಶಕ್ಕೆ ಬೇರೆ ಪುಡಿ ಸೇರಿಸಬೇಕು, ಅದನ್ನೂ ಡಾಕ್ಟರ್ ಕೇಳಿಯೇ. ನಮ್ಮಿಂದ ಎರಡು ತಿಂಗಳಿಗಿಂತ ಮುಂದೆ ಹೋಗಲಿಲ್ಲ.

ಮೂರನೆಯದು ತೂಕ ಇಳಿಸಲು ಅಂತಲೇ ಬರುವ ಡ್ರೈ ಫುಡ್. ನಾರು, ಪ್ರೋಟೀನು ಜಾಸ್ತಿ, ಕೊಬ್ಬು ಕಡಿಮೆ. 100 ಗ್ರಾಂಗೆ 300 ಕ್ಯಾಲೊರಿ. ಅಂದರೆ ದಿನಕ್ಕೆ 280 ಗ್ರಾಂ ಹಾಕಬಹುದು. 50 ಗ್ರಾಂ ವ್ಯತ್ಯಾಸ ನಮಗೆ ಏನೂ ಅಲ್ಲ, ಗುಂಡನಿಗೆ ಅದು ಬಾಯಿತುಂಬಾ ಐದಾರು ಸಲ. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಬದಲಾಯಿಸಿದೆ. ಮೇಲೆ ಬೇಯಿಸಿದ ಹುರುಳಿಕಾಯಿ ಒಂದು ಹಿಡಿ, ಉಪ್ಪಿಲ್ಲದೆ. ಬಟ್ಟಲು ತಳ್ಳುವುದು ನಿಂತಿತು. ಬೆಲೆ ಹೆಚ್ಚು, ಅದು ಕಹಿಯೇ. ಕಕ್ಕಸೂ ಜಾಸ್ತಿ, ವಾಕಿಂಗ್‌ಗೆ ಎರಡು ಕವರ್ ಒಯ್ಯಬೇಕು. ಆದರೆ ಐದು ತಿಂಗಳಲ್ಲಿ 41ರಿಂದ 35ಕ್ಕೆ ಬಂದ. ನಮ್ಮ ಮನೆಗೆ ಇದೇ ಸರಿ. ಪ್ರತಿ ಹೊತ್ತೂ ಗ್ರಾಂ ಲೆಕ್ಕದಲ್ಲಿ ತೂಗುವ ತಾಳ್ಮೆ ಇರುವವರಾದರೆ, ಡಾಕ್ಟರ್ ಬರೆದುಕೊಟ್ಟ ಮನೆ ಊಟವೂ ನಡೆದೀತು.

ಹಸಿವಿನ ವಿಷಯದಲ್ಲಿ ಅವನನ್ನು ಬೈಯುವುದು ಬಿಟ್ಟಿದ್ದೇನೆ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಲ್ಯಾಬ್‌ಗಳ ಪಿಒಎಂಸಿ ಅನ್ನೋ ಜೀನಿನಲ್ಲಿ ಒಂದು ದೋಷ ಕಂಡುಹಿಡಿದರು. ಹೆಚ್ಚುಕಡಿಮೆ ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಅದಿದೆ. ಅಂಥವಕ್ಕೆ ಎರಡು ಊಟದ ಮಧ್ಯೆ ಹಸಿವು ಜಾಸ್ತಿ, ಸುಮ್ಮನಿದ್ದಾಗ ಖರ್ಚಾಗುವ ಶಕ್ತಿಯೂ ಕಾಲು ಭಾಗ ಕಡಿಮೆ. ಗುಂಡನಿಗೆ ಟೆಸ್ಟ್ ಮಾಡಿಸಿಲ್ಲ. ದೋಸೆ ಹೊಯ್ಯುವಾಗ ಅವನು ಅಡುಗೆಮನೆ ಬಾಗಿಲಲ್ಲಿ ಕೂರುವುದನ್ನು ನೋಡಿದರೆ ಸಾಕು.

ನಿಜವಾದ ಕಷ್ಟ ಇದ್ದದ್ದು ಅತ್ತೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ದಿನಕ್ಕೆ ಆರು, ಒಂದಕ್ಕೆ ಸುಮಾರು 25 ಕ್ಯಾಲೊರಿ. ಒಟ್ಟು 150! "ಪಾಪ, ಮೂಕ ಪ್ರಾಣಿ" ಅಂತ ಅವರ ವಾದ. ಅತ್ತೆಗೆ ಬೇಡ ಅನ್ನೋದು ಹೇಗೆ? ಬೆಳಿಗ್ಗೆ ತೂಗಿದ ಫುಡ್ಡಿನಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ ತುಂಬಿಟ್ಟೆ. ಅವರು ಈಗಲೂ ಆರು ಸಲ ಕೊಡುತ್ತಾರೆ, ಅವನು ಈಗಲೂ ಬಾಲ ಆಡಿಸುತ್ತಾನೆ.

ತೂಕ ನೋಡುವುದು ಬೀದಿ ಕೊನೆಯ ಗುಜರಿ ಅಂಗಡಿಯ ಯಂತ್ರದಲ್ಲಿ. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಊಟಕ್ಕೆ ಮುಂಚೆ. ಹೋದ ಸಲ 34.8 ತೋರಿಸಿತು. ಅಂಗಡಿಯವನು ಕಾಗದದ ಕಟ್ಟು ಪಕ್ಕಕ್ಕೆ ಸರಿಸಿ ಅಂದ: "ಏನ್ ಸಾರ್, ಹಿಂಗೇ ಇಳೀತಾ ಹೋದ್ರೆ ನಂಗೇನೂ ಗಿಟ್ಟಲ್ಲ."