12 ಟ್ಯೂಬಿನ ಅಕ್ರಿಲಿಕ್ ಬಣ್ಣದ ಬಾಕ್ಸ್: ಎಲ್ಲ ಇದೆ, ಕಿತ್ತಳೆ ಮಾತ್ರ ಹುಟ್ಟಲ್ಲ

ಬೆಲೆ, ಟ್ಯೂಬಿನ ಅಳತೆ, ಬಣ್ಣಗಳ ಪಟ್ಟಿ ಎಲ್ಲ ಬಾಕ್ಸ್ ಮೇಲೇ ಇದೆ. ಅದನ್ನು ಮತ್ತೆ ಬರೆಯಲ್ಲ. ಕಲಿಯುವವರಿಗೆ ಅಂತ ಮಾರುವ ಈ ಬಾಕ್ಸನ್ನು ತುಂಬಾ ದಿನದಿಂದ ಬಳಸುತ್ತಿದ್ದೇನೆ. ನನ್ನ ತಕರಾರು ಒಂದೇ. ಇದರಲ್ಲಿ ಒಳ್ಳೆಯ ಕಿತ್ತಳೆ ಬಣ್ಣ ಕಲಸಲು ಆಗುವುದಿಲ್ಲ.

ನಾನು ಬಿಡಿಸುವುದು ಹೆಚ್ಚಾಗಿ ಹಂಚಿನ ಮನೆಗಳನ್ನು. ನಮ್ಮೂರು ಸಾಗರದ ಸುತ್ತಮುತ್ತ ಇನ್ನೂ ಬೇಕಾದಷ್ಟಿವೆ. ದೂರದಿಂದ ನೋಡಿದರೆ ಮಂಗಳೂರು ಹಂಚಿಗೆ ಒಂದೇ ಬಣ್ಣ ಅನಿಸುತ್ತದೆ. ಹತ್ತಿರ ಹೋಗಿ ನೋಡಿ. ಈಚೆಗೆ ಬದಲಾಯಿಸಿದ ಹಂಚು ಒಂದು ಥರ, ಅಜ್ಜನ ಕಾಲದ್ದು ಇನ್ನೊಂದು ಥರ, ಅಡುಗೆಮನೆ ಮೇಲೆ ಹೊಗೆ ಕುಡಿದದ್ದು ಮತ್ತೊಂದು ಥರ. ಒಂದು ಮಾಡಿಗೆ ಐದಾರು ಕಿತ್ತಳೆ ಬೇಕು.

ಬಾಕ್ಸ್‌ನಲ್ಲೇ ಆರೆಂಜ್ ಟ್ಯೂಬ್ ಇದೆಯಲ್ವಾ ಅಂತ ಕೇಳಬಹುದು. ಇದೆ. ರಸ್ತೆ ಅಗೆಯುವಾಗ ಅಡ್ಡ ಇಡುವ ಪ್ಲಾಸ್ಟಿಕ್ ಕೋನ್ ಥರದ ಬಣ್ಣ. ಯಾವ ಮಾಡಿನ ಮೇಲೂ ಅದು ಕೂರುವುದಿಲ್ಲ.

ಹಾಗಾಗಿ ಕಲಸಲೇಬೇಕು. ಕೆಂಪಿಗೆ ಹಳದಿ ಸೇರಿದರೆ ಕಿತ್ತಳೆ ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆದರೆ ಯಾವ ಕೆಂಪು? ಯಾವ ಹಳದಿ? ಇಲ್ಲಿರುವ ಒಂದೇ ಕೆಂಪು ಕ್ರಿಮ್ಸನ್. ಅದು ನೀಲಿ ಕಡೆ ವಾಲುತ್ತದೆ. ಒಂದೇ ಹಳದಿ ಲೆಮನ್. ಅದು ಹಸಿರು ಕಡೆ, ಅಂದರೆ ಅದೂ ನೀಲಿಯ ದಿಕ್ಕಿಗೇ, ವಾಲುತ್ತದೆ. ಬಣ್ಣದ ಚಕ್ರದಲ್ಲಿ ಕಿತ್ತಳೆಗೆ ಎದುರು ಕೂತಿರುವುದೇ ನೀಲಿ. ಆ ಕಡೆಗೆ ಚೂರು ವಾಲಿದರೂ ಕಿತ್ತಳೆಯ ಹೊಳಪು ಹೋಯಿತು. ಈ ಎರಡನ್ನೂ ಎಷ್ಟೇ ಕಲಸಿ, ಸಿಗುವುದು ಮಂಕು ಬಡಿದ, ಅರ್ಧ ಕಂದು ತಿರುಗಿದ ಏನೋ ಒಂದು. ಒಳಗೆ ಯಾವ ಬಣ್ಣದ ಪುಡಿ ಇದೆ ಅಂತ ಹೇಳುವ ಪಿಗ್ಮೆಂಟ್ ನಂಬರ್ ಕೂಡ ಟ್ಯೂಬಿನ ಹಿಂದೆ ಹಾಕಿಲ್ಲ. 12 ಟ್ಯೂಬ್ ಕೊಟ್ಟವರಿಗೆ ಹಸಿರು ಎರಡು ಥರ ಕೊಡಲು ಆಗುತ್ತದೆ, ಬಿಸಿ ಕೆಂಪು, ಅಂದರೆ ಕಿತ್ತಳೆ ಕಡೆ ವಾಲುವ ಕೆಂಪು, ಒಂದು ಕೊಡಲು ಆಗುವುದಿಲ್ಲ!

ಕೊನೆಗೆ ಬೇರೆ ಕಡೆಯಿಂದ ಎರಡು ಬಿಡಿ ಟ್ಯೂಬ್ ತರಿಸಿದೆ. ಒಂದು ಹಳದಿ, ಪಿಗ್ಮೆಂಟ್ ನಂಬರ್ ಪಿವೈ 65, ಅಂದರೆ ಹನ್ಸಾ ಯೆಲ್ಲೋ ಡೀಪ್. ಇನ್ನೊಂದು ಕೆಂಪು, ಪಿಆರ್ 188, ನ್ಯಾಫ್ತಾಲ್ ಸ್ಕಾರ್ಲೆಟ್. ಎರಡೂ ಮೊದಲೇ ಕಿತ್ತಳೆ ಕಡೆ ಮುಖ ಮಾಡಿರುವ ಬಣ್ಣಗಳು. ಕ್ಯಾಡ್ಮಿಯಂ ಬಣ್ಣಗಳು ಇನ್ನೂ ಚೆನ್ನಾಗಿರುತ್ತವೆ, ಗೊತ್ತು. ನನ್ನ ಜೇಬಿಗೆ ಅವು ಆಗಿಬರುವುದಿಲ್ಲ.

ಅಲ್ಲಿಂದ ಬೆಳಗಿನ ಕೆಲಸದ ರೀತಿಯೇ ಬದಲಾಯಿತು. ಕಾಫಿ ಲೋಟ ಹಿಡಿದು ಹಿತ್ತಿಲ ಕಡೆ ಜಗಲಿಗೆ ಬರುತ್ತೇನೆ. ಬಚ್ಚಲುಮನೆ ಕಟ್ಟುವಾಗ ಉಳಿದ ಬಿಳಿ ಟೈಲ್ಸ್ ತುಂಡೇ ನನ್ನ ಪ್ಯಾಲೆಟ್. ಮೊದಲು ಹಳದಿ ಹಾಕಬೇಕು, ಧಾರಾಳವಾಗಿ. ಕೆಂಪು ಆಮೇಲೆ, ಬಣ್ಣ ಕಲಸುವ ನೈಫಿನ ತುದಿಯಲ್ಲಿ ಎಷ್ಟು ಅಂಟುತ್ತದೋ ಅಷ್ಟೇ. ಕೆಂಪಿಗೆ ಜೋರು ಜಾಸ್ತಿ. ಕೆಂಪು ಮೊದಲು ಹಾಕಿದರೆ ಅದನ್ನು ಕಿತ್ತಳೆ ಮಾಡುವಷ್ಟರಲ್ಲಿ ಹಳದಿ ಟ್ಯೂಬೇ ಖಾಲಿ. ತೆಳ್ಳಗೆ ಹರಡುವುದು, ಕೆರೆದು ಗುಡ್ಡೆ ಮಾಡುವುದು, ಮತ್ತೆ ಹರಡುವುದು. ಗೆರೆ ಕಾಣದ ಹಾಗೆ ಒಂದಾದಾಗ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಇಟ್ಟು ಒಣಗಲು ಬಿಡುತ್ತೇನೆ. ಹಸಿಯಿದ್ದಾಗಿನ ಬಣ್ಣವನ್ನು ನಂಬಬೇಡಿ. ಅಕ್ರಿಲಿಕ್‌ನ ಅಂಟು ಹಸಿಯಿದ್ದಾಗ ಬೆಳ್ಳಗೆ, ಒಣಗಿದರೆ ಪಾರದರ್ಶಕ. ಅದಕ್ಕೇ ಬಣ್ಣ ಒಣಗಿದ ಮೇಲೆ ಒಂದು ಚೂರು ಗಾಢವಾಗುತ್ತದೆ. ಮಳೆಗಾಲದಲ್ಲಿ ಆ ಚುಕ್ಕೆ ಒಣಗುವಷ್ಟರಲ್ಲಿ ಎರಡನೇ ಲೋಟ ಕಾಫಿಯೂ ಮುಗಿಯುತ್ತದೆ. ಚುಕ್ಕೆಗಳ ಕೆಳಗೆ ಹೆಸರು ಬರೆಯುತ್ತೇನೆ: ಚೆಂಡು ಹೂ, ಪಪ್ಪಾಯಿ, ಮುತ್ತುಗ, ಹೊಸ ಹಂಚು. ಕನಕಾಂಬರ ಮಾತ್ರ ಬಹಳ ಸತಾಯಿಸಿತು. ಅದಕ್ಕೆ ಕಿತ್ತಳೆಯ ಜೊತೆ ಚೂರು ಬಿಳಿ, ಒಂದು ಕಾಳಿನಷ್ಟು ಕ್ರಿಮ್ಸನ್ ಬೇಕು. ಕ್ರಿಮ್ಸನ್ ಕೆಲಸಕ್ಕೆ ಬಂದದ್ದು ಅಲ್ಲೊಂದೇ.

ಒಂದು ಒಳ್ಳೆಯ ಕಿತ್ತಳೆ ಕೈಗೆ ಬಂದ ಮೇಲೆ ಬಾಕ್ಸ್‌ನ ಉಳಿದ ಬಣ್ಣಗಳ ಮೇಲೆ ನನಗೆ ಸಿಟ್ಟು ಇಳಿಯಿತು, ಸುಳ್ಳು ಹೇಳಲ್ಲ. ಇದರ ಅಲ್ಟ್ರಾಮರೀನ್ ನೀಲಿ ನಿಜಕ್ಕೂ ಚೆನ್ನಾಗಿದೆ. ಕಿತ್ತಳೆಗೆ ಸೂಜಿಮೊನೆಯಷ್ಟು ನೀಲಿ ತಾಗಿಸಿದರೆ ಸುಟ್ಟ ಮಣ್ಣಿನ ಬಣ್ಣ. ಇನ್ನೊಂದು ಚೂರು ಹಾಕಿದರೆ ಹೊಗೆ ಹಿಡಿದ ಹಂಚು. ಬರ್ಂಟ್ ಸಿಯೆನ್ನಾ ಅನ್ನುವ ಕೆಂಪು ಛಾಯೆಯ ಕಂದು ಕೂಡ ಪರವಾಗಿಲ್ಲ. ಆ ಬಣ್ಣವನ್ನು ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್‌ನಿಂದ ಮಾಡುತ್ತಾರೆ. ಹಂಚಿನ ಕೆಂಪೂ ಜೇಡಿಮಣ್ಣಿನಲ್ಲಿರುವ ಕಬ್ಬಿಣ ಬೆಂಕಿಯಲ್ಲಿ ಬೆಂದು ಬಂದದ್ದೇ. ಹಾಗಾಗಿ ಹಂಚಿನ ಕಿತ್ತಳೆ ಜೊತೆ ಬರ್ಂಟ್ ಸಿಯೆನ್ನಾ ಜಗಳವಿಲ್ಲದೆ ಸೇರುತ್ತದೆ.

ಬಿಸಿಲು ಬಿದ್ದ ಜಾಗಕ್ಕೆ ನೇರವಾಗಿ ಬಿಳಿ ಸುರಿಯಬೇಡಿ. ಸುಣ್ಣ ಬಳಿದ ಹಾಗೆ ಸಪ್ಪೆಯಾಗುತ್ತದೆ. ಮೊದಲು ಹಳದಿ ಏರಿಸಿ, ಬಿಳಿ ಕೊನೆಗೆ. ನೆರಳಿಗೆ ಕಪ್ಪು ಬೇಡವೇ ಬೇಡ, ಹಳದಿಯ ಜೊತೆ ಸೇರಿ ಹಸಿರು ತಿರುಗುತ್ತದೆ. ಆದರೆ ಆ ಹಸಿರೇ ನನಗೆ ಸಿಕ್ಕ ಅನಿರೀಕ್ಷಿತ ಖುಷಿ. ನಾಲ್ಕು ಮಳೆಗಾಲ ಕಂಡ ಹಂಚಿನ ಮೇಲೆ ಪಾಚಿ ಕಟ್ಟಿರುತ್ತದಲ್ಲ, ಈ ಬಾಕ್ಸ್‌ನ ಕಪ್ಪು ಮತ್ತು ನಾನು ಬೈದ ಅದೇ ಲೆಮನ್ ಹಳದಿ ಸೇರಿದರೆ ಆ ಪಾಚಿಯ ಬಣ್ಣ ಹಾಗೇ ಬರುತ್ತದೆ. ಬಾಕ್ಸ್‌ನ ಎರಡು ಹಸಿರು ಟ್ಯೂಬಿಗೂ ಅದು ಆಗಲಿಲ್ಲ.

ಮುಚ್ಚಳಗಳು ಬೇಗ ಸೀಳುತ್ತವೆ. ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಕಾಡು, ಕೆರೆ, ಆಕಾಶ ಬಿಡಿಸುವವರು ಧೈರ್ಯವಾಗಿ ಕೊಳ್ಳಿ. ಹಂಚು, ಚೆಂಡು ಹೂ, ಸಂಜೆ ಬಿಸಿಲು ಬಿಡಿಸುವವರಿಗೆ ಅದೇ ದುಡ್ಡಿನ ಸುಮಾರಿಗೆ ಬಿಡಿ ಟ್ಯೂಬ್ ಮೇಲು. ಬಿಸಿ ಹಳದಿ, ಬಿಸಿ ಕೆಂಪು, ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ದೊಡ್ಡದೊಂದು ಬಿಳಿ. ನಾನು ಮುಂದಿನ ಸಲ ಹಾಗೇ ಮಾಡುವುದು, ಜೊತೆಗೆ ಪಾಚಿಗೆ ಅಂತ ಒಂದು ಲೆಮನ್. ಕ್ರಿಮ್ಸನ್ ಇನ್ನೂ ಮುಕ್ಕಾಲು ಟ್ಯೂಬ್ ಉಳಿದಿದೆ. ಸಾಗರದ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ.