ಮಕ್ಕಳ ಕೈಲಿ ಕಾಸ್ಟಿಕ್ ಸೋಡಾ ಸೋಪು ಮಾಡಿಸುವ ಮುಂಚೆ

ತುಮಕೂರು ಸುತ್ತಮುತ್ತ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳ ನಡುವೆ ವಾಟ್ಸಾಪಿನಲ್ಲಿ ಸೋಪಿನ ಅಳತೆಯೊಂದು ಓಡಾಡುತ್ತಿದೆ: ಕೊಬ್ಬರಿ ಎಣ್ಣೆ ಅರ್ಧ ಕೆ.ಜಿ., ಕಾಸ್ಟಿಕ್ ಸೋಡಾ 90 ಗ್ರಾಂ, ನೀರು ಒಂದು ಲೋಟ. ಜೊತೆಗೆ ‘ನೂರಕ್ಕೆ ನೂರು ನೈಸರ್ಗಿಕ, ಮಕ್ಕಳೂ ಮಾಡಬಹುದು’ ಎಂಬ ಒಕ್ಕಣೆ. ಇದನ್ನು ನಂಬಿ ಗುಬ್ಬಿ ಕಡೆಯ ತೋಟದ ಮನೆಯೊಂದರಲ್ಲಿ ನಾಲ್ಕೈದು ಮನೆಯ ಮಕ್ಕಳನ್ನು ಕೂಡಿಸಿ ಸೋಪು ಮಾಡಿಸಿದರು. ಒಂದು ಮಗುವಿನ ಮುಂಗೈ ಸುಟ್ಟಿತು. ಆ ಸೋಪನ್ನು ಹಂಚಿಕೊಂಡು ಹೋದ ಮನೆಗಳಲ್ಲಿ ಮೈ ಉರಿ, ಕೆಂಪು ದದ್ದು. ಎಲ್ಲೆಲ್ಲಿ ಎಡವಟ್ಟಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇವೆ.

ಮೊದಲ ತಪ್ಪು ಪಾತ್ರೆಯದು. ಕೈಗೆ ಸಿಕ್ಕ ಅಲ್ಯೂಮಿನಿಯಂ ಡಬರಿಗೆ ಕಾಸ್ಟಿಕ್ ಸುರಿದು, ಅದರ ಮೇಲೆ ನೀರು ಹೊಯ್ದರು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಬಿಸಿಯಾಗಿ, ಬೂದುಬಣ್ಣದ ನೊರೆ ಉಕ್ಕಿ, ಹೈಡ್ರೋಜನ್ ಅನಿಲ ಏಳುತ್ತದೆ. ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಅದು ಹೊತ್ತಿಕೊಳ್ಳಲೂಬಹುದು. ಇನ್ನು ಕಾಸ್ಟಿಕ್ ಮೇಲೆ ನೀರು ಹೊಯ್ದರೆ ತಳದಲ್ಲಿರುವ ಗಟ್ಟಿ ಪದರ ಒಮ್ಮೆಲೇ ಕುದಿದು ಚಿಮ್ಮುತ್ತದೆ. ಮೊದಲು ನೀರು, ಆಮೇಲೆ ಕಾಸ್ಟಿಕ್, ಅದೂ ಚೂರು ಚೂರಾಗಿ. ಹೀಗೆ ಸರಿಯಾಗಿ ಮಾಡಿದರೂ ದ್ರಾವಣ 80 ಡಿಗ್ರಿ ದಾಟಬಹುದು, ಮೂಗಿಗೆ ಘಾಟು ಹೊಡೆಯುತ್ತದೆ. ಎಂಟು ವರ್ಷದ ಮಗು ಆ ಪಾತ್ರೆಯ ಹತ್ತಿರ ಇರಬೇಕಾದ್ದೇ ಇಲ್ಲ.

ಸುಟ್ಟ ಕೈಗೆ ನಿಂಬೆಹಣ್ಣು ಹಿಂಡಿದರು, ಮೇಲೆ ಅರಿಶಿನ ಮೆತ್ತಿದರು. ಕಾಸ್ಟಿಕ್‌ನಂಥ ಕ್ಷಾರಕ್ಕೆ ಹುಳಿ ಮದ್ದು ಅನ್ನುವ ಲೆಕ್ಕ ಚರ್ಮದ ಮೇಲೆ ನಡೆಯುವುದಿಲ್ಲ. ಔಷಧಿ ಹುಡುಕುವಷ್ಟರಲ್ಲಿ ಕಾಸ್ಟಿಕ್ ಒಳಗಿಳಿದಿರುತ್ತದೆ. ಮೊದಮೊದಲು ನೋವು ಕಮ್ಮಿ, ಜಾರು ಜಾರು ಅನ್ನಿಸುತ್ತದೆ ಅಷ್ಟೇ. ಆ ಜಾರಿಕೆ ಚರ್ಮದ ಕೊಬ್ಬೇ ಸೋಪಾಗುತ್ತಿರುವ ಗುರುತು. ಒಣ ಹಳಕು ಬಿದ್ದಿದ್ದರೆ ಒಣಬಟ್ಟೆಯಿಂದ ಕೊಡವಿ, ಆಮೇಲೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಬಳೆ, ಕೈಗೆ ಕಟ್ಟಿದ ಕಪ್ಪು ದಾರ ಎರಡನ್ನೂ ತೆಗೆಯಿರಿ. ದಾರ ಕಾಸ್ಟಿಕ್ ನೀರನ್ನು ಹೀರಿಕೊಂಡು ಅಲ್ಲೇ ಸುಡುತ್ತಿರುತ್ತದೆ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ನೀರು ಬಿಟ್ಟು, ನೇರ ಆಸ್ಪತ್ರೆಗೆ. ನುಂಗಿದ್ದರೆ ವಾಂತಿ ಮಾಡಿಸಲೇಬೇಡಿ, ಮತ್ತೊಮ್ಮೆ ಗಂಟಲು ಸುಡುತ್ತದೆ. ಬಾಯಿ ಮುಕ್ಕಳಿಸಿ 108ಕ್ಕೆ ಕರೆ ಮಾಡಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800 116 117.

ದದ್ದಿನ ಕಾರಣ ಬೇರೆ, ಅದು ಲೆಕ್ಕದ ತಪ್ಪು. ಒಂದು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಬೇಕು. 500 ಗ್ರಾಂಗೆ 91.5. ಅಂದರೆ ವಾಟ್ಸಾಪಿನ 90 ಗ್ರಾಂ ಕಾಗದದ ಮೇಲೆ ಸರಿ, ಆದರೆ ಒಂದಿಷ್ಟು ಏರುಪೇರಾದರೂ ಕಾಸ್ಟಿಕ್ ಉಳಿಯುತ್ತದೆ. ಅಲ್ಲಿ ಆದ ಏರುಪೇರು ಒಂದಿಷ್ಟಲ್ಲ. ಎಣ್ಣೆಯನ್ನು ತೂಗದೆ ಲೀಟರಿನಲ್ಲಿ ಅಳೆದರು, 500 ಮಿ.ಲೀ. ಎಣ್ಣೆ ತೂಗಿದರೆ 460 ಗ್ರಾಂ ಆಸುಪಾಸು. ಕಜ್ಜಿ ತುರಿಕೆಗೆ ಒಳ್ಳೆಯದೆಂದು ಆ 500 ಮಿ.ಲೀ.ಯಲ್ಲಿ 200 ಮಿ.ಲೀ. ಕೊಬ್ಬರಿ ಎಣ್ಣೆಯ ಬದಲು ಹೊಂಗೆ ಎಣ್ಣೆ ಹಾಕಿದರು. ಹೊಂಗೆ ಎಣ್ಣೆ ಗ್ರಾಂಗೆ ಸುಮಾರು 0.13 ಮಾತ್ರ ಹಿಡಿಯುತ್ತದೆ. ಕಾಸ್ಟಿಕ್ ಜೊತೆ ಕೂಡಿ ಸೋಪಾಗುವುದು ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ; ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಗಿಡ್ಡ, ಗ್ರಾಂಗೆ ಅಣು ಜಾಸ್ತಿ. ಹೊಂಗೆಯವು ಉದ್ದ, ಅಣು ಕಮ್ಮಿ. ಎಲ್ಲ ಕೂಡಿಸಿದರೆ ಆ ಎಣ್ಣೆಗೆ ಬೇಕಾದದ್ದು ಸುಮಾರು 75 ಗ್ರಾಂ. ಹಾಕಿದ್ದು 90. ಮಿಕ್ಕ 15 ಗ್ರಾಂ ಏಳು ಬಿಲ್ಲೆಗಳಲ್ಲಿ ಹಂಚಿಹೋಯಿತು, ಬಿಲ್ಲೆಗೆ ಎರಡು ಗ್ರಾಂನಂತೆ. ನಾಲ್ಕು ವಾರ ಒಣಗಿಸಿದರೂ ಇಷ್ಟು ಕಾಸ್ಟಿಕ್ ತಾನಾಗಿ ಮಾಯವಾಗದು. ಒಣಗಿಸುವುದು ನೀರು ಹೋಗಿ ಬಿಲ್ಲೆ ಗಟ್ಟಿಯಾಗಲಿಕ್ಕೆ.

‘ಕೈಯಲ್ಲಿ ಮಾಡಿದ ಸೋಪು ತಾನೇ, ಏನಾಗುತ್ತದೆ’ ಅನ್ನುವವರಿಗೆ ಒಂದು ಮಾತು. ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ಕರೆಂಟು ಹಾಯಿಸಿ ತೆಗೆಯುವ ವಸ್ತು. ಅಜ್ಜಿಯರು ಬಳಸುತ್ತಿದ್ದ ಬೂದಿನೀರಿನಲ್ಲಿದ್ದದ್ದು ಹೆಚ್ಚಾಗಿ ಪೊಟ್ಯಾಸಿಯಂ ಕಾರ್ಬೊನೇಟ್, ಇದಕ್ಕಿಂತ ಬಹಳ ಸೌಮ್ಯ. ಅಳತೆ ಸರಿಯಿದ್ದರೆ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ, ಅದು ನಿಜ. ಆ ಅಳತೆ ಚಮಚದಲ್ಲಿ ಸಿಗುವುದಿಲ್ಲ.

ಮಾಡಲೇಬೇಕೆಂದಿದ್ದರೆ ದೊಡ್ಡವರೊಬ್ಬರೇ ಮಾಡಿ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಸ್ಟೀಲ್ ಪಾತ್ರೆ, ರಬ್ಬರ್ ಗ್ಲೌಸು, ಪಕ್ಕದಿಂದಲೂ ಮುಚ್ಚುವ ಕನ್ನಡಕ, ಗಾಳಿಯಾಡುವ ಜಗುಲಿ. 500 ಗ್ರಾಂ ಕೊಬ್ಬರಿ ಎಣ್ಣೆಗೆ 75 ಗ್ರಾಂ ಕಾಸ್ಟಿಕ್, 160 ಗ್ರಾಂ ನೀರು. ಬೇಕೆಂದೇ ನೂರಕ್ಕೆ 18ರಷ್ಟು ಕಡಿಮೆ ಹಾಕುತ್ತೇವೆ; ಬರೀ ಕೊಬ್ಬರಿ ಎಣ್ಣೆಯ ಸೋಪು ಚರ್ಮವನ್ನು ಒಣಗಿಸುತ್ತದೆ, ಮಿಕ್ಕ ಎಣ್ಣೆ ಅದನ್ನು ತಡೆಯುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಬೇಡ, ಅದರ ಸುಣ್ಣದಂಶ ಸೋಪಿಗಂಟಿ ಕರೆ ಕಟ್ಟುತ್ತದೆ; ಫಿಲ್ಟರ್ ಮಾಡಿದ ಆರ್‌ಓ ನೀರು ಸಾಕು. ದ್ರಾವಣವೂ ಎಣ್ಣೆಯೂ 40 ಡಿಗ್ರಿ ಆಸುಪಾಸಿಗೆ ಬಂದಾಗ ಬೆರೆಸಿ, ದೋಸೆ ಹಿಟ್ಟಿನ ಹದ ಬರುವವರೆಗೆ ಕಲಕಿ ಅಚ್ಚಿಗೆ ಹೊಯ್ಯಿರಿ. ಬಿಲ್ಲೆಯ ಮೇಲೆ ತೆಳು ಬಿಳಿಪುಡಿ ಬಂದರೆ ಹೆದರಬೇಕಿಲ್ಲ, ಕೆರೆದು ಹಾಕಿ. ನೀರಿನ ಹನಿ ಹನಿ ಒಸರಿದರೆ ಅನುಮಾನಿಸಿ. ಬಳಸುವ ಮುಂಚೆ ಒದ್ದೆ ಬಿಲ್ಲೆಗೆ ಪಿಎಚ್ ಪಟ್ಟಿ (ಹುಳಿಯೋ ಕ್ಷಾರವೋ, ಎಷ್ಟು ಎಂದು ಬಣ್ಣದಿಂದ ತೋರಿಸುವ ಕಾಗದ) ಒತ್ತಿ: 9, 10 ತೋರಿಸಿದರೆ ಸರಿ, 11 ದಾಟಿದರೆ ಮೈಗೆ ಬೇಡ.

ಮಕ್ಕಳಿಗೆ ಅಂಟುವಾಳಕಾಯಿಯೇ ಸಾಕು. ಬೀಜ ತೆಗೆದ ಸಿಪ್ಪೆ 50 ಗ್ರಾಂ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ದೊಡ್ಡವರು 20 ನಿಮಿಷ ಕುದಿಸಿ ಆರಿಸಿಕೊಡಲಿ. ಕಿವುಚಿ ಸೋಸುವುದು ಮಕ್ಕಳ ಕೆಲಸ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಬಾಯಿಗೆ ಹಾಕಬಾರದು. ಫ್ರಿಜ್ಜಿನಲ್ಲಿ ವಾರ ಇರುತ್ತದೆ, ಹೊರಗಿಟ್ಟರೆ ಬೇಗ ಹುಳಿಯುತ್ತದೆ.

ಆ ಏಳು ಬಿಲ್ಲೆಗಳಂಥವು ನಿಮ್ಮ ಮನೆಯಲ್ಲೂ ಇದ್ದರೆ ಬಚ್ಚಲ ಹತ್ತಿರ ಇಡಬೇಡಿ, ಪಾತ್ರೆ ತೊಳೆಯಲೂ ಬೇಡ. ಅಂಗಡಿಯವರು ಚೀಟಿಯಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಕಾಸ್ಟಿಕ್ ಉಳಿದಿದ್ದರೆ ಇವತ್ತೇ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಹೆಸರು ಬರೆದು, ಬೀಗ ಹಾಕುವ ಕಡೆ ಇಡಿ. ಅಡುಗೆಮನೆ ಅಟ್ಟದಲ್ಲಿ ಮಾತ್ರ ಬೇಡ. ಆ ಬಿಳಿ ಹಳಕು ನೋಡಲು ಕಲ್ಲುಸಕ್ಕರೆ ಚೂರಿನಂತೆಯೇ ಇರುತ್ತದೆ.