ಮೂರು ದಿನದ ಧ್ಯಾನಕೂಟ: 1,800 ರೂಪಾಯಿಗೆ ಬದುಕಿನ ಗುರಿ ಸಿಗುತ್ತಾ?

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರೂವರೆ ಸ್ಟಾರ್. ಅರ್ಧ ಕಡಿಮೆಯಾಗಿದ್ದು ಬಿಸಿನೀರಿಗೆ. ಒಂದು ಪೂರ್ತಿ ಹೋಗಿದ್ದು ಪೋಸ್ಟರ್‌ಗೆ.

ಆ ಪೋಸ್ಟರ್ ನಮ್ಮ ಚರ್ಚಿನ ಬಾಗಿಲಲ್ಲಿತ್ತು. ಮೂರು ದಿನದಲ್ಲಿ ನಿಮ್ಮ ಬದುಕಿನ ಗುರಿ ಕಂಡುಕೊಳ್ಳಿ ಅಂತ ದೊಡ್ಡ ಅಕ್ಷರ. ನನಗೆ 41. ಬೆಳಗಾವಿಯ ಉದ್ಯಮಬಾಗಿನಲ್ಲಿ ಒಂದು ಫೌಂಡ್ರಿ, ಅಲ್ಲಿ 17 ವರ್ಷದಿಂದ ಕಾಸ್ಟಿಂಗ್ ಚೆಕ್ ಮಾಡುವ ಕೆಲಸ. ಯಾವ ಎರಕದಲ್ಲಿ ಬ್ಲೋ ಹೋಲ್, ಅಂದರೆ ಗಾಳಿ ಸಿಕ್ಕಿ ಆದ ತೂತು ಇದೆ, ಯಾವುದು ರಿಜೆಕ್ಟ್, ಅಷ್ಟೇ. ಆರು ವರ್ಷದಿಂದ ಸೂಪರ್‌ವೈಸರ್ ಆಗುತ್ತೇನೆ ಅಂತ ಕಾಯುತ್ತಿದ್ದೆ, ಈ ಸಲವೂ ಆಗಲಿಲ್ಲ. ದೇವರು ನನ್ನನ್ನು ಯಾಕಾದರೂ ಹುಟ್ಟಿಸಿದನೋ ಅಂತ ಮನೆಯಲ್ಲಿ ದಿನಾ ಗೊಣಗಾಟ. ಹೆಂಡತಿಗೆ ಸಾಕಾಗಿ, "ಹೋಗಿ ಅವನ್ನೇ ಕೇಳಿಕೊಂಡು ಬರ್ರಿ" ಅಂದಳು. ಹೋದೆ.

ಜಾಗದ ಹೆಸರು ಬೇಡ, ದೂರುಗಳೂ ಇವೆಯಲ್ಲ. ಊರಿನ ಅಂಚಿನಲ್ಲಿ, ಮರಗಳ ನಡುವೆ, ಶಾಂತವಾದ ಜಾಗ. ಜುಲೈ ತಿಂಗಳು, ಬೆಳಗಾವಿ ಮಳೆ ಗೊತ್ತಲ್ಲ, ಹಾಸಿಗೆ ಕೂಡ ತಣ್ಣಗೆ. ಬಿಸಿನೀರು ಬೆಳಗ್ಗೆ ಆರರಿಂದ ಆರೂವರೆ, ಜನ ಮೂವತ್ತು, ಬಕೆಟ್ ನಾಲ್ಕು. ಊಟದ ಬಗ್ಗೆ ದೂರಿಲ್ಲ, ಒಂದು ಹೊತ್ತು ಮೀನುಸಾರು ಅನ್ನ, ಇನ್ನೊಂದು ಹೊತ್ತು ರೊಟ್ಟಿ ಝುಣಕ. ಪ್ರವಚನ ಕನ್ನಡದಲ್ಲೇ ಅಂದಿದ್ದರು, ಆದರೆ ಅರ್ಧಕ್ಕರ್ಧ ಕೊಂಕಣಿ, ಮಧ್ಯೆ ಮರಾಠಿ. ನಮ್ಮೂರಲ್ಲಿ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ ಬಿಡಿ.

ಮೊಬೈಲ್ ಮೊದಲ ದಿನವೇ ತೆಗೆದಿಟ್ಟುಕೊಂಡರು. ಆಮೇಲೆ ಮೌನ. ಊಟದಲ್ಲೂ ಮಾತಿಲ್ಲ.

ಮೊದಲ ಪ್ರವಚನ ಬೈಬಲ್ಲಿನ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನದ ಮೇಲೆ. ನಮ್ಮವರ ಮನೆ ಕ್ಯಾಲೆಂಡರ್‌ಗಳಲ್ಲಿ ಇರುತ್ತದಲ್ಲ, ದೇವರಿಗೆ ನಿಮ್ಮ ಬಗ್ಗೆ ಒಳ್ಳೆಯ ಯೋಚನೆ ಇದೆ ಅನ್ನುವುದು, ಅದೇ. ಮಾತಾಡಿದವರು ಅದನ್ನು ಪ್ರಮೋಷನ್ ಲೆಟರ್ ಥರ ಓದಿದರು. ಮಧ್ಯಾಹ್ನ ಸುಮ್ನೆ ಕೂತು ಅಧ್ಯಾಯ ಪೂರ್ತಿ ಓದಿದೆ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಕಾಗದ. 10ನೇ ವಚನದಲ್ಲೇ ಇದೆ, 70 ವರ್ಷ ಆದಮೇಲೆ ವಾಪಸ್ ಕರೆತರುತ್ತೇನೆ ಅಂತ. ಸಂಜೆ ಫಾದರ್ ಹತ್ತಿರ ಒಬ್ಬೊಬ್ಬರೇ ಹೋಗಿ ಮಾತಾಡುವ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಫಾದರ್, ಎಪ್ಪತ್ತು ವರ್ಷ ಅಂದ್ರ ಕೇಳಿದವರೊಳಗ ಅರ್ಧ ಮಂದಿ ಅಲ್ಲೇ ಸತ್ತಿರ್ತಾರಲ್ರೀ?" ವಯಸ್ಸಾದವರು, ಜೋರಾಗಿ ನಕ್ಕರು. "ಹೌದ್ರೀ. ಅದಕ್ಕ ಮೊದಲು ಐದನೇ ವಚನ ಓದ್ರಿ." ಅಲ್ಲಿ ಇರುವುದು ಇಷ್ಟೇ: ಮನೆ ಕಟ್ಟಿ ವಾಸ ಮಾಡಿ, ತೋಟ ಮಾಡಿ ಅದರ ಹಣ್ಣು ತಿನ್ನಿ. ಇರುವ ಊರಲ್ಲೇ.

ನನ್ನ ಮೂರು ಸ್ಟಾರ್ ಈ ಫಾದರ್‌ಗೆ.

ಇಡೀ ಧ್ಯಾನಕೂಟ ನಡೆಯುವುದು ಲೊಯೋಲಾದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮದಲ್ಲಿ. ಬೆಳಗಾವಿಯವರಿಗೆ ಇದು ತೀರಾ ಹೊಸದಲ್ಲ, 1856ರಿಂದ ಇರುವ ಕ್ಯಾಂಪಿನ ಸೇಂಟ್ ಪೌಲ್ಸ್ ಶಾಲೆ ಅವರು ಕಟ್ಟಿದ ಯೇಸುಸಭೆ ಅನ್ನುವ ಪಾದ್ರಿಗಳ ಸಂಘದ್ದೇ. ಇಗ್ನೇಷಿಯಸ್ ಮೊದಲು ಸಿಪಾಯಿ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ವೀರರ ಸಾಹಸದ ಪುಸ್ತಕ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಕಥೆ, ಸಂತರ ಕಥೆ. ಸಾಹಸ ಮಾಡಿ ಮೆರೆಯುವುದನ್ನು ನೆನೆದರೆ ಆಗ ಖುಷಿ, ಆಮೇಲೆ ಮನಸ್ಸೆಲ್ಲ ಒಣ ಒಣ. ಸಂತರ ಥರ ಬದುಕುವುದನ್ನು ನೆನೆದರೆ ಆ ಖುಷಿ ಆಮೇಲೂ ಉಳಿಯುತ್ತಿತ್ತು. ಅಲ್ಲಿಂದಲೇ ಅವರು ದಾರಿ ಹುಡುಕಿದ್ದು. "ನೆನೆಯುವಾಗ ಎಲ್ಲಾನೂ ಸಿಹಿನ, ಆಮೇಲೆ ಬಾಯಾಗ ಏನು ರುಚಿ ಉಳೀತದ ನೋಡ್ರಿ" ಅಂದರು ಫಾದರ್.

ರಾತ್ರಿ ಮಲಗುವ ಮುಂಚೆ ಹದಿನೈದು ನಿಮಿಷ ದಿನವನ್ನು ತಿರುವಿ ಹಾಕಬೇಕು. ಕೃತಜ್ಞತೆ ಹೇಳಿ, ಬೆಳಕು ಕೇಳಿ, ಗಂಟೆ ಗಂಟೆಯಾಗಿ ನೋಡಿ, ತಪ್ಪಿಗೆ ಕ್ಷಮೆ ಬೇಡಿ, ನಾಳೆಯನ್ನು ಒಪ್ಪಿಸುವುದು. ಅಲ್ಲಿ ದಿನದಲ್ಲಿ ಏನೂ ನಡೆಯುವುದಿಲ್ಲವಲ್ಲ, ಹಾಗಾಗಿ ಹಿಂದಿನ ವಾರವನ್ನೇ ನೋಡಿದೆ. ಸೂಪರ್‌ವೈಸರ್ ಕುರ್ಚಿ ನೆನೆದೆ. ಹತ್ತು ನಿಮಿಷ ಜಬರ್ದಸ್ತ್, ಆಮೇಲೆ ಏನೂ ಇಲ್ಲ. ಎರಡೂ ರಾತ್ರಿ ತಾನಾಗೇ ಬಂದು ಕೂತಿದ್ದು ಬೇರೆ: ಐಟಿಐ ಮುಗಿಸಿ ಬಂದ ಹುಡುಗರಿಗೆ ಶಿಫ್ಟ್ ಮುಗಿದ ಮೇಲೆ ವರ್ನಿಯರ್ ಅನ್ನುವ ಅಳತೆ ಸಾಧನ ಓದುವುದು ಹೇಳಿಕೊಡುತ್ತೇನಲ್ಲ, ಅದು. ನನ್ನ ಕೆಲಸವೂ ಅಲ್ಲ, ಸಂಬಳವೂ ಇಲ್ಲ, ಇಷ್ಟು ದಿನ ಅದನ್ನು ಟೈಮ್ ವೇಸ್ಟ್ ಲೆಕ್ಕಕ್ಕೆ ಬರೆದಿದ್ದೆ.

ಇದನ್ನು ದೈವಕರೆ, ಅಂದರೆ ದೇವರೇ ನನಗೆ ಅಂತ ಕೊಟ್ಟ ಕೆಲಸ ಅನ್ನಬಹುದಾ ಅಂದೆ. ಫಾದರ್ ಹೌದು ಅನ್ನಲಿಲ್ಲ. ಆರು ತಿಂಗಳು ನೋಡ್ರಿ ಅಂದರು.

ಪೋಸ್ಟರ್ ಮೇಲೆ ಸಿಟ್ಟು ಅದಕ್ಕೇ. ಇಗ್ನೇಷಿಯಸ್ ಈ ಕ್ರಮವನ್ನು ಬರೆದಿಟ್ಟ 'ಆಧ್ಯಾತ್ಮಿಕ ಸಾಧನೆ' ಪುಸ್ತಕಕ್ಕೆ 1548ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿತು, ಅದರ ಪೂರ್ತಿ ಅವಧಿ ಸುಮಾರು 30 ದಿನ. ಮೂರು ದಿನಕ್ಕೆ ಅದರ ರುಚಿಯಷ್ಟೇ. ಹಾಗಂತಲೇ ಬರೆಯಬಹುದಿತ್ತು ಅಲ್ವಾ? ಕಷ್ಟದಲ್ಲಿರುವವರು ಆ ಮಾತು ನಂಬಿ ಬರುತ್ತಾರೆ. ನನ್ನ ಪಕ್ಕದ ಹುಡುಗ ದೇವರ ದನಿ ಏನೂ ಕೇಳಿಸಲಿಲ್ಲ ಅಂತ ಕೊನೆಯ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ.

ಕ್ಯಾಥೊಲಿಕ್ ಅಲ್ಲದವರೂ ಹೋಗಬಹುದು, ನಮ್ಮ ಜೊತೆ ಮೆಥಡಿಸ್ಟ್ ಅನ್ನುವ ಪ್ರಾಟೆಸ್ಟೆಂಟ್ ಪಂಗಡದವನೊಬ್ಬ ಇದ್ದ. ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಯಾರೂ ಒತ್ತಾಯ ಮಾಡಲಿಲ್ಲ. ರಜೆ ಸಿಗದವರು ಮನೆಯಲ್ಲೇ ಇದ್ದು, ವಾರಕ್ಕೊಮ್ಮೆ ಗುರುಗಳನ್ನು ಕಂಡು, ತಿಂಗಳುಗಟ್ಟಲೆ ಇದನ್ನು ಮಾಡುವ ದಾರಿಯೂ ಇದೆ, ಅದೂ ಇಗ್ನೇಷಿಯಸ್ ಅವರೇ ಬರೆದಿಟ್ಟಿದ್ದು. ನಾನು ಈಗ ಹಾಗೇ ಶುರು ಮಾಡಿದ್ದೇನೆ.

ಮಳೆಗಾಲದಲ್ಲಿ ಹೋಗುವವರು ಒಂದು ಜೊತೆ ಬಟ್ಟೆ ಜಾಸ್ತಿ ಒಯ್ಯಿರಿ. ಬಕೆಟ್ ಕೂಡ.